ಉಪ್ಪಿನಷ್ಟು ಹಳದಿ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಲಸಾದ್‌ಗೆ, ತಾನು ಇವತ್ತು ಸರ್ಕಾರದ ವಿರುದ್ಧ ಮತ ಹಾಕಲೇಬೇಕು, ಇಲ್ಲದಿದ್ದರೆ ಸರ್ಕಾರಕ್ಕೆ ಸಿಟ್ಟು ಬರುತ್ತದೆ ಎಂಬುದು ಮತ್ತೊಮ್ಮೆ ನೆನಪಾಗಿ, ಬ್ಲೇಡು ಕೆನ್ನೆಯ ಮೇಲೇ ನಿಂತಿತು. ಇದು ಹೆದರಿಕೆಯಲ್ಲ. ಹೆದರಿಕೆ ಅವನಿಗೆ ಹಳೆಯ ಪರಿಚಯ, ಅದರ ಪಕ್ಕ ಕೂತು ಊಟ ಮಾಡಿ ಅಭ್ಯಾಸವಾಗಿತ್ತು. ಇದು ಬೇರೆ. ಎಷ್ಟೋ ವರ್ಷದಿಂದ ಜೇಬಿನ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಒಂದು ಸಣ್ಣ ವಸ್ತುವನ್ನು ಯಾರೋ ಕೈ ಹಾಕಿ ತೆಗೆದು, ಚೆನ್ನಾಗಿ ಒರೆಸಿ, ತಗೋ, ಇದು ನನ್ನ ಕಡೆಯಿಂದ ನಿನಗೆ ಎಂದು ವಾಪಸ್ಸು ಕೊಟ್ಟ ಹಾಗಿತ್ತು. ಬೇಡ ಅನ್ನುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಕನ್ನಡಿಯಲ್ಲಿ ಅರ್ಧ ಮುಖ ಬೆಳ್ಳಗೆ, ಅರ್ಧ ಮುಖ ಪೆದ್ದುಪೆದ್ದಾಗಿ ಅವನನ್ನೇ ನೋಡುತ್ತಿತ್ತು.

ಶುಕ್ರವಾರ ಹಮ್ಮಾಮಿನಲ್ಲಿ ಶುರುವಾದದ್ದು ಇದು. ಆವಿಯ ಕೋಣೆಯಲ್ಲಿ, ಬಿಸಿಕಲ್ಲಿನ ಮೇಲೆ, ಸೊಂಟಕ್ಕೊಂದು ಪಂಚೆ ಸುತ್ತಿಕೊಂಡು ಲಸಾದ್ ಬೋರಲು ಮಲಗಿದ್ದ. ಪಕ್ಕಕ್ಕೆ ಯಾರೋ ಭಾರವಾದ ಮನುಷ್ಯ ಬಂದು ಕೂತದ್ದು ಕಲ್ಲಿಗೂ ಗೊತ್ತಾಯಿತು. ಕಣ್ಣು ಬಿಟ್ಟರೆ ಸೀ ಖಮೈಸ್. ಬೀರ್ ಸಲ್ಮಾ ಊರಿನ ಒಮ್ದಾ, ಅಂದರೆ ಸರ್ಕಾರಕ್ಕೆ ಈ ಊರಿನಲ್ಲಿರುವ ಕಣ್ಣು, ಕಿವಿ, ಕೆಲವೊಮ್ಮೆ ಕಾಲು. ಕೋಟಿನಲ್ಲಿ ನೋಡಿದರೆ ಎದೆ ನಡುಗುತ್ತಿದ್ದ ಮನುಷ್ಯ ಬರೀ ಮೈಯಲ್ಲಿ ಬೆಂದ ಕುಂಬಳಕಾಯಿಯ ಹಾಗೆ ಮೆತ್ತಗಿದ್ದ. ಅದನ್ನು ಕಂಡು ಲಸಾದ್‌ಗೆ ಒಳಗೊಳಗೇ ಖುಷಿಯಾಗಿತ್ತು, ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

"ಲಸಾದ್, ಖೂಯಾ, ತಮ್ಮಾ, ಒಂದು ವಿಷ್ಯ. ನಿನ್ನಲ್ಲೇ ಇರ್ಲಿ."

"ಹೇಳಿ ಸೀ ಖಮೈಸ್."

"ಭಾನುವಾರ ನೀನು ಹಳದಿ ಚೀಟಿ ಹಾಕ್ಬೇಕು."

ದಡಕ್ಕನೆ ಎದ್ದು ಕೂತ ಲಸಾದ್‌ನ ಕೈ ತಾಗಿ ತಾಮ್ರದ ತಂಬಿಗೆ ಬಿದ್ದು, ಆ ಸದ್ದು ಗುಮ್ಮಟಕ್ಕೆ ಬಡಿದು ಮೂರು ಸಲ ತಿರುಗಿ ಬಂತು. "ನಾನು ಯಾವತ್ತೂ ಸರ್ಕಾರದ ಕೆಂಪೇ ಹಾಕಿರೋದು! ವಲ್ಲಾಹಿ, ದೇವರಾಣೆ, ಯಾರೋ ಏನೋ ಹೇಳಿದಾರೆ ನಿಮಗೆ!"

"ಅಯ್ಯೋ, ಗೊತ್ತು ಮಾರಾಯ. ಅದಕ್ಕೇ ನಿನಗೆ ಹೇಳ್ತಿರೋದು." ಒಮ್ದಾ ದನಿ ಇಳಿಸಿದ. "ಮೇಲಿನಿಂದ ಮಾತು ಬಂದಿದೆ. ಕಳೆದ ಸಲ ನಮ್ಮೂರಲ್ಲಿ ನೂರಕ್ಕೆ ನೂರು ಕೆಂಪು. ಸತ್ತವರು, ಫ್ರಾನ್ಸಿಗೆ ಹೋದವರು, ಎಲ್ಲಾ ಸೇರಿ. ಹೊರದೇಶದವರು ನಗ್ತಾರಂತೆ. ಈ ಸಲ ಸ್ವಲ್ಪ ವಿರೋಧ ಬೇಕಂತೆ. ಜಾಸ್ತಿ ಬೇಡ, ಸಾರಿಗೆ ಉಪ್ಪು ಹಾಕಿದಷ್ಟು. ಈಗ ನೀನೇ ಹೇಳು, ವಿರೋಧ ಹಾಕು ಅಂತ ಯಾರಿಗೆ ಹೇಳ್ಲಿ? ನಂಬಿಕೆ ಇಲ್ಲದವರಿಗೆ ಹೇಳಕ್ಕಾಗತ್ತಾ? ನಂಬಿಕಸ್ತರೇ ಬೇಕು. ನಿನ್ನಂಥವರು."

ನಿನ್ನಂಥವರು. ಆ ಮಾತು ಬಿಸಿನೀರಿಗಿಂತ ಹೆಚ್ಚು ಸುಟ್ಟಿತು. ಅಂಚೆ ಕಚೇರಿಯ ಎರಡನೇ ಕಿಟಕಿಯ ಹಿಂದೆ ಕೂತು, ಮುಂದಿನವರು, ಮುಂದಿನವರು ಎಂದು ಕರೆಯುತ್ತಲೇ ಕೂದಲು ತೆಳ್ಳಗಾದ ಲಸಾದ್, ತನ್ನೊಳಗೆ ಇನ್ನೊಬ್ಬ ಲಸಾದ್ ಇದ್ದಾನೆ, ಅವನು ಯಾರಿಗೂ ಬಗ್ಗುವವನಲ್ಲ, ಒಂದು ದಿನ ಎದ್ದು ಹೋಗಿ ಹಳದಿ ಹಾಕಿಯೇ ಬಿಡುವವನು ಎಂದು ನಂಬಿಕೊಂಡು ಬಂದಿದ್ದ. ಹಳದಿ ಪಕ್ಷದ ಮೇಲೆ ಪ್ರೀತಿ ಅಂತಲ್ಲ. ಅದರ ನಾಯಕ ದೂರದರ್ಶನದಲ್ಲಿ ತನಗೆ ಕೊಟ್ಟ ಸಮಯವನ್ನೆಲ್ಲ ಅಧ್ಯಕ್ಷರನ್ನು ಹೊಗಳುವುದಕ್ಕೇ ಖರ್ಚು ಮಾಡುತ್ತಿದ್ದ. ಆದರೂ ಹಳದಿ ಹಳದಿಯೇ, ಕೆಂಪಲ್ಲ, ಅಷ್ಟು ಸಾಕಾಗಿತ್ತು. ಈಗ ಆ ಒಳಗಿನ ಲಸಾದ್‌ನನ್ನೂ ಒಮ್ದಾ ಪಂಚೆ ಉಟ್ಟುಕೊಂಡು ಬಂದು ಕೆಲಸಕ್ಕೆ ಸೇರಿಸಿಕೊಂಡುಬಿಟ್ಟಿದ್ದ.

"ಲಸಾದ್! ಕನ್ನಡಿಯೊಳಗೆ ಬಿದ್ದು ಹೋದೆಯಾ? ರೊಟ್ಟಿ ಆರ್ತಿದೆ!" ಅಡುಗೆಮನೆಯಿಂದ ದಲಂದಾ ಕೂಗಿದಳು. ಅವಳ ದನಿಯಲ್ಲಿ ಬೆಳಗಿನಿಂದಲೇ ಒಂದು ನಗು ಸೇರಿಕೊಂಡಿತ್ತು. ಚುನಾವಣೆಯ ದಿನವೆಂದರೆ ಅವಳಿಗೆ ಹಬ್ಬ. ಗಂಡನ ಮುಂದೆ ರೊಟ್ಟಿ, ಆಲಿವ್ ಎಣ್ಣೆಯ ಬಟ್ಟಲು ಇಟ್ಟು, ಗೂಡಿನಿಂದ ಹರೀಸಾದ ಸೀಸೆ ತೆಗೆದಳು. ಮೆಣಸಿನಕಾಯಿ ಅರೆದು ಸೀಸೆಗೆ ತುಂಬಿಡುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿಲ್ಲ. ಗೋಡೆಯುದ್ದಕ್ಕೂ ಗೂಡುಗಳು, ಗೂಡು ತುಂಬ ಸೀಸೆಗಳು, ಪ್ರತಿ ಸೀಸೆಯ ಮುಚ್ಚಳದಡಿಯಲ್ಲಿ ಗುಂಡಗೆ ಕತ್ತರಿಸಿದ ಬಣ್ಣದ ಕಾಗದ. ಲಸಾದ್ ಮುಚ್ಚಳ ತಿರುಗಿಸಿ, ನೀಲಿ ಕಾಗದವನ್ನು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟು, ರೊಟ್ಟಿಗೆ ಹಚ್ಚಿಕೊಂಡ. ನಾಲಿಗೆಗೆ ಖಾರ ಗೊತ್ತಾಗಲಿಲ್ಲ.

ದಲಂದಾ ಎದುರಿಗೆ ಕೂತು, ಗದ್ದಕ್ಕೆ ಕೈಯಾನಿಸಿ ಕಣ್ಣು ಮಿಟುಕಿಸಿದಳು. "ಇವತ್ತೂ ಆವತ್ತಿನ ಹಾಗೇನಾ?"

ಅವನು ಬಾಯಿ ತುಂಬ ರೊಟ್ಟಿ ತುಂಬಿಕೊಂಡು ಹೂಂ ಎಂದೋ ಊಹೂಂ ಎಂದೋ ಗೊತ್ತಾಗದ ಒಂದು ಸದ್ದು ಮಾಡಿದ. ಆವತ್ತು ಅಂದರೆ ಅವರ ಮದುವೆಯಾದ ಹೊಸತು. ದಲಂದಾ ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದಳು, ಅವನು ಮತ ಹಾಕಿ ಬಂದು ಹೊಸಿಲಿನ ಮೇಲೆ ನಿಂತಿದ್ದ, ಬಿಸಿಲು ಅವಳ ಕಿವಿಯ ಹಿಂದಿನ ಕೂದಲಿನಲ್ಲಿ ಆಡುತ್ತಿತ್ತು, ಏನು ಹಾಕಿದೆ ಎಂದು ಅವಳು ಸುಮ್ಮನೆ ಕೇಳಿದ್ದಳು. ಹಳದಿ ಎಂದುಬಿಟ್ಟ. ಆ ಶಬ್ದ ಬಾಯಿಂದ ತಾನೇ ಎದ್ದು ಹೋಯಿತು. ಅವಳು ದಾರ ಕೆಳಗಿಟ್ಟು, ಎದ್ದು ಬಂದು, ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡು ಒಂದು ಕ್ಷಣ ನೋಡಿದಳು. ಮೆಣಸಿನಕಾಯಿಯ ಕೈ. ಕೆನ್ನೆ ಇಡೀ ಸಂಜೆ ಉರಿಯಿತು. ಅಂಥ ಸುಖದ ಉರಿಯನ್ನು ಅವನು ಆಮೇಲೆ ಯಾವತ್ತೂ ಕಾಣಲಿಲ್ಲ. ನಿಜವೆಂದರೆ ಪರದೆಯ ಹಿಂದೆ ಅವನ ಬುದ್ಧಿ ಹಳದಿ ಅನ್ನುವಷ್ಟರಲ್ಲಿ ಕೈ ಕೆಂಪನ್ನು ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಅಂಚೆ ಕಚೇರಿಯ ಕೈ, ಅಂಟಿಸುವುದರಲ್ಲಿ ಪಳಗಿದ್ದು. ಮರುದಿನ ಊರಿನ ಫಲಿತಾಂಶ ನೂರಕ್ಕೆ ನೂರು ಕೆಂಪು ಎಂದು ರೇಡಿಯೋ ಹೇಳಿದಾಗ ಅವನು ಈಗ ಸಿಕ್ಕಿಬಿದ್ದೆ ಎಂದುಕೊಂಡ. ದಲಂದಾ ಮಾತ್ರ ಸಿಟ್ಟಿನಿಂದ ರೇಡಿಯೋದ ಕಿವಿ ಹಿಂಡಿ ಆರಿಸಿ, "ನೋಡಿದೆಯಾ ಕಳ್ಳರು! ನಿನ್ನದನ್ನೂ ತಿದ್ದಿದಾರೆ!" ಎಂದಿದ್ದಳು. ಹೀಗೆ ಸರ್ಕಾರದ ದೊಡ್ಡ ಸುಳ್ಳು ಅವನ ಸಣ್ಣ ಸುಳ್ಳಿಗೆ ಇಷ್ಟು ವರ್ಷ ಕಾವಲು ನಿಂತಿತ್ತು. ಅದಕ್ಕೆ ಅವನು ಒಮ್ಮೊಮ್ಮೆ ಸರ್ಕಾರಕ್ಕೆ ಕೃತಜ್ಞನಾಗಿಯೂ ಇರುತ್ತಿದ್ದ, ಮತ್ತು ಆ ಕೃತಜ್ಞತೆಗೆ ನಾಚುತ್ತಿದ್ದ.

ಹಾಗಾದರೆ ಇವತ್ತು ಸಂತೋಷಪಡಬೇಕಲ್ಲವೇ? ಬೀದಿಗಿಳಿದ ಮೇಲೆ ಅವನು ತನ್ನನ್ನೇ ಕೇಳಿಕೊಂಡ. ಹಳದಿ ಹಾಕಿದರೆ ಹಳೆಯ ಸುಳ್ಳು ನಿಜವಾಗುತ್ತದೆ, ದಲಂದಾಳ ಮುಖವನ್ನು ನೆಟ್ಟಗೆ ನೋಡಬಹುದು, ಮೇಲಾಗಿ ಒಮ್ದಾನ ಶಾಭಾಸ್‌ಗಿರಿ ಬೇರೆ. ಒಂದೇ ಚೀಟಿಯಲ್ಲಿ ಹೆಂಡತಿಯೂ ಸರ್ಕಾರವೂ ಮೆಚ್ಚುವ ಅದೃಷ್ಟ ಯಾರಿಗುಂಟು? ಆದರೆ ಕಾಲು ಎಳೆಯುತ್ತಿತ್ತು. ಬೀದಿಯಲ್ಲಿ ಪಕ್ಷದವರು ಕಟ್ಟಿದ ಬಾವುಟಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು, ಶಾಲೆಯ ಮುಂದೆ ಡೋಲು ಬಡಿಯುವವನೂ ಓಲಗದಂಥ ಝುಕ್ರಾ ಊದುವವನೂ ಮದುವೆಯ ಹಾಡನ್ನೇ ಬಾರಿಸುತ್ತಿದ್ದರು, ಏಕೆಂದರೆ ಅವರಿಗೆ ಬೇರೆ ಹಾಡು ಬರುತ್ತಿರಲಿಲ್ಲ. ದಾಳಿಂಬೆಯ ಗಾಡಿಯವನು ಹಣ್ಣು ಒಡೆದು ಹೋಗಿಬರುವವರ ಕೈಗೆ ಕಾಳು ಹಾಕುತ್ತಿದ್ದ. ಬಿಸಿಲು ಹದವಾಗಿತ್ತು. ಇಷ್ಟು ಚೆನ್ನಾಗಿರುವ ದಿನದಲ್ಲಿ ತಾನೊಬ್ಬನೇ ಹೀಗೆ ಮುಳ್ಳಿನ ಮೇಲೆ ನಡೆದಂತೆ ನಡೆಯುತ್ತಿದ್ದೇನೆ ಅನ್ನಿಸಿ ಲಸಾದ್‌ಗೆ ತನ್ನ ಮೇಲೆಯೇ ಕನಿಕರ ಬಂತು.

ತಾನೊಬ್ಬನೇ ಅಲ್ಲ ಎಂಬುದು ಶಾಲೆಯ ಗೇಟಿನಲ್ಲಿ ಗೊತ್ತಾಯಿತು. ಕನ್ನಡಕದಂಗಡಿಯ ಸೀ ಶಾದ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಊರಿನಲ್ಲಿ ಹಳದಿ ಪಕ್ಷದ ಏಕೈಕ ಸದಸ್ಯ ಅವನು. ಪಕ್ಷಕ್ಕೆ ಬೋರ್ಡು ತೂಗುಹಾಕಲು ಒಂದು ಅಂಗಡಿ ಬೇಕಾಗಿತ್ತು, ಇವನ ಅಂಗಡಿಗೆ ಒಂದು ಒಳ್ಳೆಯ ಮೊಳೆ ಇತ್ತು, ಹಾಗೆ ರಾಜಕೀಯಕ್ಕೆ ಬಂದವನು. ಲಸಾದ್‌ನ ತೋಳು ಹಿಡಿದು ಪಕ್ಕಕ್ಕೆಳೆದ.

"ಲಸಾದ್, ಏನೋ ನಡೀತಿದೆ. ಬೆಳಗ್ಗೆಯಿಂದ ಜನ ನನಗೆ ಸಲಾಂ ಹೊಡೀತಿದಾರೆ. ಆ ಕಟುಕ ನನ್ನ ಕೈ ಕುಲುಕಿದ! ಹತ್ತಿರ ಬಂದು, ಆಗತ್ತೆ ಸೀ ಶಾದ್ಲಿ, ಆಗತ್ತೆ ಅಂದ. ಏನಾಗತ್ತೆ?"

"ನಿಮಗೆ ಮತ ಹಾಕ್ತಾರೇನೋ."

"ನನಗ್ಯಾಕೆ ಹಾಕ್ತಾರೆ? ನಾನೇ ಕೆಂಪು ಹಾಕ್ತೀನಿ ಪ್ರತಿ ಸಲ! ನಾನು ಕನ್ನಡಕ ಮಾರೋನು ಕಣಯ್ಯಾ, ಗೆದ್ದುಬಿಟ್ರೆ ನನ್ನ ಗತಿಯೇನು? ಹೇಗೋ ಒಂದಿಷ್ಟು ಸೋತು ನೆಮ್ಮದಿಯಾಗಿದ್ದೆ." ಅವನ ದಪ್ಪ ಕನ್ನಡಕದ ಹಿಂದೆ ಕಣ್ಣುಗಳು ನಿಜವಾಗಿ ಒದ್ದೆಯಾಗಿದ್ದವು.

ಸಾಲಿನಲ್ಲಿ ಲಸಾದ್‌ನ ಮುಂದೆ ಬೇಕರಿಯ ಹಸೂನಾ ನಿಂತಿದ್ದ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಅವನು ತಿರುಗದೆಯೇ, ತುಟಿ ಅಲ್ಲಾಡಿಸದೆಯೇ ಕೇಳಿದ. "ನಿನಗೂ ಹೇಳಿದನಾ?"

"ಏನನ್ನ?"

"ಹಳದಿ."

ಲಸಾದ್ ತನ್ನ ಚಪ್ಪಲಿಯ ತುದಿ ನೋಡಿದ. ಹಸೂನಾಗೆ ಅಷ್ಟೇ ಸಾಕಾಯಿತು. "ನನಗೊಬ್ಬನಿಗೇ ಅಂತ ಆಣೆ ಹಾಕಿಸಿಕೊಂಡ ಕಣೋ! ನಾನು ನನ್ನ ತಮ್ಮನಿಗೆ ಬಿಟ್ಟು ಯಾರಿಗೂ ಹೇಳ್ಲಿಲ್ಲ. ಅವನು ಅವನ ಮಾವನಿಗೆ ಹೇಳಿದನಂತೆ. ಮೇಲಿನ ಅಪ್ಪಣೆ ಅಂದ್ಮೇಲೆ ನಮ್ಮವರು ತಪ್ಪು ಮಾಡ್ಬಾರದಲ್ಲ. ಈಗ ನೋಡು, ಹಿಂದೆ ನೋಡು, ಎಲ್ಲರ ಮುಖ ನೋಡು."

ಲಸಾದ್ ನೋಡಿದ. ಅಂಗಳದ ತುಂಬ ಜನ, ಎಲ್ಲರ ಮುಖದಲ್ಲೂ ಒಂದೇ ಗುಟ್ಟು, ಗುಟ್ಟನ್ನು ಕಾಪಾಡುತ್ತಿದ್ದೇನೆಂಬ ಒಂದೇ ಗಾಂಭೀರ್ಯ. ಇಡೀ ಬೀರ್ ಸಲ್ಮಾ ವಿಧೇಯತೆಯಿಂದ, ಕೈಕಟ್ಟಿಕೊಂಡು, ಒಬ್ಬರ ಹಿಂದೆ ಒಬ್ಬರು ಬಂಡಾಯಕ್ಕೆ ಸಾಲು ನಿಂತಿತ್ತು. ಅವನಿಗೆ ನಗು ಉಕ್ಕಿತು. ಪಕ್ಕದ ತರಗತಿಯ ಮುಂದೆ ಹೆಂಗಸರ ಸಾಲು. ಅಲ್ಲಿ ಬಿಳಿ ಸೆಫ್ಸಾರಿ ಹೊದ್ದು, ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಲಂದಾ ನಿಂತಿದ್ದಳು. ಹೆಂಗಸರ ಕಡೆ ಉಸ್ತುವಾರಿಗಿದ್ದ ಸೂಲಗಿತ್ತಿ ಲಲ್ಲಾ ಫಟ್ಟೂಮಾ ತಾನು ಹೆರಿಗೆ ಮಾಡಿಸಿದವರನ್ನೆಲ್ಲ ಮಾತಾಡಿಸುವುದರಲ್ಲೇ ಮುಳುಗಿದ್ದಳು. ದಲಂದಾ ದೂರದಿಂದ ಗಂಡನನ್ನು ನೋಡಿ ಗದ್ದ ಸ್ವಲ್ಪ ಮೇಲೆತ್ತಿದಳು. ಧೈರ್ಯವಾಗಿರು ಎಂಬ ಹಾಗೆ. ಇಷ್ಟು ಜನರ ನಡುವೆ ನಿನ್ನ ವಿಷಯ ನನಗೊಬ್ಬಳಿಗೇ ಗೊತ್ತು ಎಂಬ ಹಾಗೆ. ಆ ಸಣ್ಣ ಸನ್ನೆ ಅವನನ್ನು ಚುಚ್ಚಿದಷ್ಟು ಒಮ್ದಾನ ಯಾವ ಮಾತೂ ಚುಚ್ಚಿರಲಿಲ್ಲ.

ಕೈಗೆ ಐದು ಚೀಟಿ ಬಂದವು. ಐದು ಪಕ್ಷ, ಐದು ಬಣ್ಣ, ಅಂಗೈಗಿಂತ ದೊಡ್ಡದಾದ, ಒಳ್ಳೆಯ ದಪ್ಪ ಕಾಗದ. ಒಂದನ್ನು ಲಕೋಟೆಗೆ ಹಾಕಿ ಉಳಿದ ನಾಲ್ಕನ್ನು ಪರದೆಯ ಹಿಂದಿನ ಬುಟ್ಟಿಗೆ ಎಸೆಯಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಬೀರ್ ಸಲ್ಮಾದ ಗಂಡಸರು ಯಾರೂ ಹಾಗೆ ಮಾಡುತ್ತಿರಲಿಲ್ಲ. ಉಳಿದ ನಾಲ್ಕನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದು, ಹೊರಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಒಮ್ದಾನ ಕಾಲ ಬಳಿಯ ಬುಟ್ಟಿಗೆ ಬಿಡುತ್ತಿದ್ದರು. ನೋಡಿ, ಇದರಲ್ಲಿ ಕೆಂಪಿಲ್ಲ ಎಂದು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದಿಲ್ಲ. ಲಸಾದ್‌ನ ಮದುವೆಯ ಕಾಲದಲ್ಲಿ ಇದಿರಲಿಲ್ಲ, ಆಮೇಲೆ ಯಾವನೋ ಒಬ್ಬ ಹೆದರಿ ಶುರುಮಾಡಿದ, ಎರಡನೆಯವನು ಮಾಡದಿದ್ದರೆ ಎದ್ದು ಕಾಣುತ್ತಾನೆಂದು ಮಾಡಿದ, ಈಗ ಅದು ಊರಿನ ಪದ್ಧತಿ.

ಪರದೆಯ ಹಿಂದೆ ಬಿಸಿಯಾಗಿತ್ತು, ಮಕ್ಕಳು ಮೇಜಿನ ಮೇಲೆ ಕೊರೆದ ಹೆಸರುಗಳಿದ್ದವು. ಲಸಾದ್ ಹಳದಿಯನ್ನು ಎತ್ತಿಕೊಂಡ. ಇದೇ ಅಲ್ಲವೇ ಅದು. ಮದುವೆಯ ಹೊಸತರಲ್ಲಿ ಮುಟ್ಟಲಾರದೆ ಬಿಟ್ಟದ್ದು, ಅಂಚೆ ಕಚೇರಿಯ ಕಿಟಕಿಯ ಹಿಂದೆ ಯಾರೋ ದೊಡ್ಡವರ ಕಡೆಯವನು ಸಾಲು ಮುರಿದು ಬಂದು ಬೈದಾಗಲೆಲ್ಲ ಇರು, ನನ್ನ ಹತ್ತಿರ ಒಂದಿದೆ ಎಂದು ಒಳಗೇ ಹೇಳಿಕೊಂಡದ್ದು. ಈಗ ಅಂಗೈಯಲ್ಲಿ ತಣ್ಣಗೆ ಕೂತಿದೆ, ಸರ್ಕಾರಿ ಸುತ್ತೋಲೆಯ ಹಾಗೆ. ಇದನ್ನು ಹಾಕಿದರೆ ಒಮ್ದಾನ ಹಳದಿ ಹಾಕಿದ ಹಾಗೆ. ಒಮ್ದಾನ ಹಳದಿಯಿಂದ ದಲಂದಾಳ ಮುಂದೆ ತನ್ನ ಸುಳ್ಳು ತೊಳೆದುಕೊಳ್ಳುವುದೇ? ಹಮ್ಮಾಮಿನಲ್ಲಿ ಇನ್ನೊಬ್ಬರು ಮಿಂದ ನೀರಿನಲ್ಲಿ ಮೀಯುವುದೇ? ಹೊರಗೆ ಹಸೂನಾ ಜೋರಾಗಿ ಕೆಮ್ಮುತ್ತಿದ್ದ. ಲಸಾದ್‌ಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಎಷ್ಟು ವರ್ಷದ ಸಿಟ್ಟೋ, ಶುದ್ಧವಾಗಿ, ಆರಾಮವಾಗಿ ಬಂತು. ಇವರು ಹೆದರು ಅಂದರೆ ಹೆದರಬೇಕು, ಎದುರು ನಿಲ್ಲು ಅಂದರೆ ನಿಲ್ಲಬೇಕು. ಇಲ್ಲ. ಇಡೀ ಊರು ಹೇಳಿದ ಮಾತು ಕೇಳುತ್ತಿರುವ ಈ ದಿನ ತಾನೊಬ್ಬ ಕೇಳುವುದಿಲ್ಲ. ಹಾಗಂದುಕೊಂಡದ್ದೇ, ಇಷ್ಟು ಕಾಲ ಹೆದರಿ ಹಾಕಿದ ಕೆಂಪು ಮೊದಲ ಸಲ ಅವನ ಸ್ವಂತ ಕೆಂಪಾಗಿ ಕಂಡಿತು. ಕೆಂಪನ್ನು ಲಕೋಟೆಗೆ ಹಾಕಿದ, ನಾಲಿಗೆ ಸೋಕಿಸಿ ಅಂಟಿಸಿದ, ಪೆಟ್ಟಿಗೆಗೆ ಬಿಟ್ಟ. ಬಂಡಾಯವೆಂದರೆ ಹೀಗಿರುತ್ತದೆಯೇ, ಇಷ್ಟು ಹಗುರವಾಗಿ?

ಎದೆಯುಬ್ಬಿಸಿಕೊಂಡು ಹೊರಗೆ ಬಂದ. ಒಮ್ದಾನ ಬುಟ್ಟಿಯನ್ನು ಕಂಡು ಮಾತ್ರ ಅವನ ಹೆಜ್ಜೆ ತಡೆಯಿತು. ಬುಟ್ಟಿಯ ತುಂಬ, ಬುಟ್ಟಿಯ ಸುತ್ತ, ಕುರ್ಚಿಯ ಕಾಲಿನವರೆಗೂ ಕೆಂಪು ಚೀಟಿಗಳು. ಸೀ ಖಮೈಸ್‌ನ ಕೆಂಪು ಟೋಪಿ ವಾಲಿತ್ತು, ಮುಖ ಬಿಳಿಚಿತ್ತು. ಉಪ್ಪು ಕೇಳಿದವನ ಸಾರಿನೊಳಗೆ ಊರೆಲ್ಲ ಸೇರಿ ಮೂಟೆ ಬಗ್ಗಿಸಿತ್ತು. ಲಸಾದ್ ಅವನ ಕಣ್ಣನ್ನೇ ನೋಡುತ್ತಾ ತನ್ನ ನಾಲ್ಕು ಚೀಟಿಗಳನ್ನು ಬಿಡಿಸಿ ಹಿಡಿದ. ಬಿಳಿ, ನೀಲಿ, ಹಸಿರು, ಹಳದಿ. ನೋಡು, ನಿನ್ನ ಮಾತು ನಾನು ಕೇಳಲಿಲ್ಲ.

ಒಮ್ದಾ ನೋಡಿದ. ಮತ್ತೊಮ್ಮೆ ನೋಡಿದ. ಕುರ್ಚಿ ಹಿಂದಕ್ಕೆ ಉರುಳುವಂತೆ ಎದ್ದು ಬಂದು ಲಸಾದ್‌ನನ್ನು ಬಾಚಿ ತಬ್ಬಿಕೊಂಡ.

"ಒಬ್ಬ! ಒಬ್ಬನಾದ್ರೂ ಗಂಡಸಿದಾನಲ್ಲ ಈ ಊರಲ್ಲಿ! ನೋಡ್ರೋ, ನೋಡಿ ಕಲೀರಿ! ಕೆಂಪು ಹಾಕಿದಾನೆ! ನಾನೇ ಬೇಡ ಅಂದ್ರೂ ಕೆಂಪು ಹಾಕಿದಾನೆ!"

"ಸೀ ಖಮೈಸ್, ಬಿಡಿ, ನಾನು ನಿಮ್ಮ ಮಾತು ಮೀರ್ಬೇಕು ಅಂತಲೇ..."

"ಗೊತ್ತು ಕಣೋ, ಗೊತ್ತು! ನನ್ನ ಮಾತು ಮೀರಿದೆ! ಅಧ್ಯಕ್ಷರ ಮೇಲಿನ ಪ್ರೀತಿ ನಿನಗೆ ಅಷ್ಟಿದೆ! ಇದಪ್ಪಾ ನಿಷ್ಠೆ ಅಂದ್ರೆ!"

"ಅಲ್ಲ, ಅದು ಹಾಗಲ್ಲ..."

"ವಿನಯ ಬೇರೆ!" ಒಮ್ದಾ ತನ್ನ ಕಿವಿಯ ಮೇಲಿದ್ದ ಮಲ್ಲಿಗೆ ಮೊಗ್ಗಿನ ಗೊಂಚಲನ್ನು ತೆಗೆದು ಲಸಾದ್‌ನ ಕಿವಿಗೆ ಸಿಕ್ಕಿಸಿ, ಎರಡೂ ಕೆನ್ನೆಗೆ ಸಶಬ್ದವಾಗಿ ಮುತ್ತಿಟ್ಟ. ಡೋಲಿನವನಿಗೆ ಸನ್ನೆ ಮಾಡಿದ. ಮದುವೆಯ ಹಾಡು ಎದ್ದಿತು. ಜನ ಚಪ್ಪಾಳೆ ತಟ್ಟಿದರು, ಏಕೆಂದರೆ ಒಮ್ದಾ ತಟ್ಟುತ್ತಿದ್ದ. ಹಸೂನಾ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದ. ಹೆಂಗಸರ ತರಗತಿಯ ಬಾಗಿಲಲ್ಲಿ, ಈಗಷ್ಟೇ ಹೊರಗೆ ಬಂದ ದಲಂದಾ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಹಲ್ಲಿನಿಂದ ಸೆರಗು ಜಾರಿತ್ತು.

ಮನೆಯ ದಾರಿಯಲ್ಲಿ ಮಲ್ಲಿಗೆಯ ವಾಸನೆ ಬೇಡವೆಂದರೂ ಜೊತೆಗೆ ಬಂತು, ತೆಗೆದು ಎಸೆಯಲು ಅವನಿಗೆ ಧೈರ್ಯವಿರಲಿಲ್ಲ, ಬೀದಿಯಲ್ಲಿ ಜನರಿದ್ದರು. ಬೇಕರಿಯ ತಿರುವಿನಲ್ಲಿ ದಲಂದಾ ಅವನ ಕಡೆ ನೋಡದೆ ಹೇಳಿದಳು. "ಹೂವು ಚೆನ್ನಾಗಿ ಒಪ್ಪತ್ತೆ ನಿನಗೆ."

ಅವನು ಎಲ್ಲವನ್ನೂ ಹೇಳಿದ. ಹಮ್ಮಾಮು, ಉಪ್ಪು, ನಿನ್ನಂಥವರು ಎಂಬ ಮಾತು, ಪರದೆಯ ಹಿಂದೆ ಬಂದ ಸಿಟ್ಟು. ಅವಳ ತುಟಿಯ ಕೊನೆ ಒಂದು ಸಲ ನಡುಗಿತು, ನಗುವಿಗೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಅಂಟು ಬಿಟ್ಟ ಲಕೋಟೆ ತಾನೇ ಬಿಚ್ಚಿಕೊಳ್ಳುತ್ತದೆ.

"ಆವತ್ತೂ ಕೆಂಪೇ ಹಾಕಿದ್ದೆ, ದಲಂದಾ."

ಅವಳು ನಿಂತಳು. "ಯಾವತ್ತು?"

"ನೀನು ಮೆಣಸಿನಕಾಯಿ ಪೋಣಿಸ್ತಿದ್ದೆಯಲ್ಲ, ಆವತ್ತು."

ದಲಂದಾ ಅವನನ್ನು ನೋಡಿದ ರೀತಿಗೆ ಅವನು ಭೂಮಿಗಿಳಿದು ಹೋದ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಒಮ್ದಾನ ಮನೆ ಮುಂದೆ ಹೋಗುವಾಗೆಲ್ಲ ನಾನು ತಲೆ ಎತ್ಕೊಂಡು ಹೋಗ್ತಿದ್ದೆ ಕಣೋ" ಎಂದಷ್ಟೇ ಹೇಳಿ ಮುಂದೆ ನಡೆದಳು. ಅವನು ಹಿಂದೆ ನಡೆದ. ಬಿಳಿ ಸೆಫ್ಸಾರಿ ಗಾಳಿಗೆ ಉಬ್ಬಿ ದೂರ ದೂರ ಹೋಗುತ್ತಿತ್ತು. ತನ್ನ ಜೀವನದಲ್ಲಿ ಕಳೆದುಕೊಳ್ಳಲು ಬೇರೇನೂ ಇರಲಿಲ್ಲ, ಇದ್ದದ್ದು ಆ ಗದ್ದ ಎತ್ತಿದ ನೋಟ ಒಂದೇ, ಅದೂ ಹೋಯಿತು ಎಂದುಕೊಂಡಾಗ ಅವನಿಗೆ ನಿಜವಾಗಿ ಅಳು ಬಂತು.

ಮಧ್ಯಾಹ್ನವಿಡೀ ಅಡುಗೆಮನೆಯ ಬಾಗಿಲು ಮುಚ್ಚಿತ್ತು, ಪಾತ್ರೆಗಳು ಬಡಿದಾಡಿಕೊಳ್ಳುತ್ತಿದ್ದವು. ಲಸಾದ್ ಅಂಗಳದ ನಿಂಬೆಗಿಡದ ಕೆಳಗೆ ಕೂತು, ಏನೂ ತೋಚದೆ ರೇಡಿಯೋ ಹಾಕಿದ. ಸಂಜೆಯ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಫಲಿತಾಂಶ ಬರತೊಡಗಿತು. ಒಂದೊಂದೇ ಊರಿನ ಹೆಸರು. ಬೀರ್ ಸಲ್ಮಾ ಅಂದಾಗ ಒಳಗೆ ಪಾತ್ರೆಯ ಸದ್ದು ನಿಂತಿತು. ಕೆಂಪು ನೂರಕ್ಕೆ ತೊಂಬತ್ತನಾಲ್ಕು, ಹಳದಿ ನೂರಕ್ಕೆ ನಾಲ್ಕು, ಉಳಿದವರಿಗೆ ಉಳಿದದ್ದು, ಊರಿನ ಪ್ರಬುದ್ಧ ಮತದಾರರಿಗೆ ಅಭಿನಂದನೆಗಳು ಎಂದಿತು ರೇಡಿಯೋ. ಬುಟ್ಟಿಯ ಸುತ್ತ ರಾಶಿ ಬಿದ್ದಿದ್ದ ಕೆಂಪು ಲಸಾದ್‌ನ ಕಣ್ಣ ಮುಂದೆ ಬಂತು. ಪೆಟ್ಟಿಗೆಯನ್ನು ಯಾರೂ ತೆರೆದೇ ಇರಲಿಲ್ಲ. ಒಮ್ದಾ ಸುಮ್ಮನೆ ಅಷ್ಟು ಹೆದರಿದ್ದ. ಊರೂ ಸುಮ್ಮನೆ. ಸೀ ಶಾದ್ಲಿ ಈಗ ಎಷ್ಟು ನೆಮ್ಮದಿಯಿಂದ ಕಾಫಿ ಕುಡಿಯುತ್ತಿರಬಹುದು ಎಂದು ಯೋಚಿಸುವಷ್ಟರಲ್ಲಿ ಅಡುಗೆಮನೆಯಿಂದ ಒಂದು ಸದ್ದು ಬಂತು. ಮೊದಲು ಅಳು ಅನ್ನಿಸಿತು. ಆಮೇಲೆ ಗೊತ್ತಾಯಿತು, ದಲಂದಾ ನಗುತ್ತಿದ್ದಳು, ಉಸಿರು ಸಿಗದ ಹಾಗೆ, ಮೇಜು ಗುದ್ದಿಕೊಂಡು ನಗುತ್ತಿದ್ದಳು.

ಬಾಗಿಲು ತಳ್ಳಿದ. ಅವಳು ಕಣ್ಣೊರೆಸಿಕೊಳ್ಳುತ್ತಾ ಕತ್ತರಿ ಹಿಡಿದು ಕೂತಿದ್ದಳು. ಮುಂದೆ ಈ ವರ್ಷದ ಹರೀಸಾದ ಸೀಸೆಗಳು, ಬಾಯಿ ತೆರೆದುಕೊಂಡು. ಪಕ್ಕದಲ್ಲಿ ಇವತ್ತಿನ ಚೀಟಿಗಳು. ಬಿಳಿ, ನೀಲಿ, ಹಸಿರು, ಹಳದಿ. ಮತ್ತು ಕೆಂಪು.

ಲಸಾದ್ ಮತ್ತೆ ನೋಡಿದ. ಐದೂ ಇದ್ದವು.

"ಲಕೋಟೆಗೆ ಏನು ಹಾಕಿದೆ?"

"ಗಾಳಿ."

ಅವನು ಗೂಡುಗಳ ಕಡೆ ತಿರುಗಿದ. ದಿನಾ ಬೆಳಗ್ಗೆ ತಾನೇ ತೆಗೆದು ಮುಚ್ಚಿದ ಸೀಸೆಗಳು. ನಿಂಬೆಕಾಯಿಯ ಮೇಲೆ ಹಸಿರು, ಟೊಮ್ಯಾಟೊ ಮೇಲೆ ಬಿಳಿ, ಮೇಲಿನ ಸಾಲಿನಲ್ಲಿ ಹಳದಿ, ಹಳದಿಯ ಪಕ್ಕ ಕೆಂಪು, ಎಣ್ಣೆಯಲ್ಲಿ ನೆನೆದು ಕಪ್ಪಾದ ಹಳೆಯ ಕೆಂಪು. ಒಂದನ್ನು ತೆಗೆದು ಹಿಂದು ಮುಂದು ಮಾಡಿದ. ಕಳೆದ ಸಲದ ಪಟ್ಟಿಯ ಮೊದಲ ಅಭ್ಯರ್ಥಿಯ ಚಿತ್ರದ ಅರ್ಧ ಮೀಸೆ ಅಲ್ಲಿತ್ತು. ಅದರ ಪಕ್ಕದ್ದು ಪುರಸಭೆಯ ಚುನಾವಣೆಯದು. ಅವನು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಉಂಡಿದ್ದ, ಯಾವತ್ತೂ ನೋಡಿರಲಿಲ್ಲ.

"ಕಳೆದ ಸಲಾನೂ?"

"ಅದಕ್ಕೂ ಹಿಂದಿನದೂ. ನೀನು ಹಳದಿ ಹಾಕಿದೆ ಅಂದೆಯಲ್ಲ, ಅದಾದ್ಮೇಲಿಂದ." ದಲಂದಾ ಕತ್ತರಿ ಕೆಳಗಿಟ್ಟಳು. "ಅಂಚೆ ಕಚೇರಿಯವನು, ಸಂಬಳ ಅವರದ್ದು, ಅವನೇ ಅಷ್ಟು ಮಾಡಿದಾನೆ, ನಾನು ಇಷ್ಟಾದ್ರೂ ಮಾಡ್ಬೇಡ್ವಾ ಅನ್ನಿಸ್ತು. ಮೊದಲ ಸಲ ಕೆಂಪನ್ನ ಸೆಫ್ಸಾರಿ ಒಳಗೆ ಇಟ್ಕೊಂಡು ಮನೆ ತನಕ ಓಡಿ ಬಂದೆ. ಆಮೇಲೆ ಅಭ್ಯಾಸ ಆಯ್ತು. ಹೇಳೋಣ ಅಂದ್ಕೊಂಡೆ, ಆದ್ರೆ ನಿನ್ನ ಮುಂದೆ ನಂದೇನು ದೊಡ್ಡದು ಅಂತ ಸುಮ್ಮನಾದೆ." ಮತ್ತೆ ನಗು ಉಕ್ಕಿ ಬಂತು ಅವಳಿಗೆ. "ಹಾಳಾದವನೇ, ನಿನ್ನ ಸುಳ್ಳು ನಂಬಿ ನಾನು ನಿಜ ಮಾಡ್ಬಿಟ್ಟೆ!"

ಲಸಾದ್‌ಗೆ ನಾಚಿಕೆಯಾಯಿತು, ಅದರ ಹಿಂದೆಯೇ, ತಡೆಯಲಾಗದಂತೆ, ಹೆಮ್ಮೆಯಾಯಿತು, ತನ್ನ ಬಗ್ಗೆ ಅಲ್ಲ. ಸೀಸೆಗಳ ಸಾಲು ಸಂಜೆಯ ಬೆಳಕಿಗೆ ಹೊಳೆಯುತ್ತಿತ್ತು. ಅವನು ಕಿವಿಯ ಮಲ್ಲಿಗೆಯನ್ನು ತೆಗೆದು ಮೇಜಿನ ಮೇಲಿಟ್ಟ. ದಲಂದಾ ಅದನ್ನು ಮೂಸಿ ನೋಡಿ, ಹೂವಿಗೇನು ಮಾಡೋದು ಪಾಪ ಎಂದು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಆಮೇಲೆ ಮೆಣಸಿನಕಾಯಿ ಅರೆದ ಕೈಯನ್ನು ಚಾಚಿ ಅವನ ಕೆನ್ನೆಯನ್ನು ಗಟ್ಟಿಯಾಗಿ ಹಿಂಡಿದಳು, ಶಿಕ್ಷೆಗೆ ಅಷ್ಟೇ ಸಾಕೆಂಬ ಹಾಗೆ. ಉರಿ ಹತ್ತಿಕೊಂಡಿತು.

"ಕೂತ್ಕೋ. ಗುಂಡಗೆ ಕತ್ತರಿಸು, ಸೀಸೆಯ ಬಾಯಿಗಿಂತ ಸ್ವಲ್ಪ ದೊಡ್ಡದಾಗಿ. ಕಾಗದ ಒಳ್ಳೆಯದು ಕೊಡ್ತಾರೆ, ಎಣ್ಣೆ ಇಳಿಯಲ್ಲ. ಆದ್ರೆ ನನ್ನದೊಂದೇ ಸಾಲಲ್ಲ. ಮುಂದಿನ ಸಲ ನಿನ್ನವೂ ಮನೆಗೆ ಬರ್ಲಿ."

"ಐದೂನಾ?"

"ಐದೂ."

ಅವಳು ಕತ್ತರಿಯನ್ನು ಅವನ ಕಡೆ ತಳ್ಳಿದಳು. ಲಸಾದ್ ಕೆಂಪನ್ನೇ ಮೊದಲು ಎತ್ತಿಕೊಂಡ. ಈ ಸಲ ಕೈ ಅವಸರ ಮಾಡಲಿಲ್ಲ.